ಬೀಗ ಕೇಳಿದ ಮಗಳಿಗೆ

ಮಗಳೇ, ಕೆಲಸಕ್ಕೆ ಸೇರಿದ ಮೊದಲ ವಾರವೇ ಮರ್ಜ್ ಕಾನ್‌ಫ್ಲಿಕ್ಟ್ ಬಂತು, ಕೈಕಾಲೇ ಆಡಲಿಲ್ಲ ಅಂದೆಯಲ್ಲ. ‘ಒಬ್ಬರು ತಿದ್ದುವಾಗ ಇನ್ನೊಬ್ಬರು ಮುಟ್ಟದ ಹಾಗೆ ಫೈಲಿಗೆ ಲಾಕ್ ಹಾಕಬಾರದಾ ಚಿಕ್ಕಮ್ಮ?’ ಅಂತಲೂ ಕೇಳಿದೆ. ನಾನು ಕೆಲಸ ಕಲಿತದ್ದೇ ಆ ಬೀಗದ ಕಾಲದಲ್ಲಿ.

ಆಗ ಫೈಲನ್ನು ಚೆಕ್‌ಔಟ್ ಮಾಡಿದವರೇ ಅದರ ಒಡೆಯರು, ಉಳಿದವರು ಓದಬಹುದು ಅಷ್ಟೆ. ಒಂದು ದೀಪಾವಳಿಗೆ ಸಹೋದ್ಯೋಗಿಯೊಬ್ಬರು ಲಾಕ್ ಬಿಡುವುದನ್ನು ಮರೆತು ಊರಿಗೆ ಹೋದರು. ಅವರು ತಿದ್ದುತ್ತಿದ್ದದ್ದು ಫೈಲಿನ ತಲೆಭಾಗ, ನನಗೆ ಬೇಕಿದ್ದದ್ದು ಕೊನೆಯ ಎರಡು ಸಾಲು. ನಾಲ್ಕು ದಿನ ಕಾದೆ. ಐದನೆಯ ದಿನ ನಕಲು ಮಾಡಿಕೊಂಡು ತಿದ್ದಿದೆ. ಅವರು ಬಂದು ತಮ್ಮ ಕೆಲಸ ಸೇರಿಸಿದ ಮೇಲೆ, ನೋಡದೆ ನನ್ನ ನಕಲನ್ನೇ ಅದರ ಮೇಲೆ ಹಾಕಿಬಿಟ್ಟೆ. ಅವರ ತಿದ್ದುಪಡಿಯೆಲ್ಲ ಅಳಿಸಿಹೋಯಿತು. ಬೀಗವಿದ್ದೂ ಹೀಗಾಯಿತು. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ.

ಬೀಗ ಬಿಟ್ಟು ಬದುಕುವ ದಾರಿ ಹುಡುಕಿದವರಲ್ಲಿ ಆಮ್‌ಸ್ಟರ್‌ಡ್ಯಾಮಿನ ಡಿಕ್ ಗ್ರೂನ್ ಎಂಬ ಮೇಷ್ಟರೂ ಒಬ್ಬರು. ಇಬ್ಬರು ವಿದ್ಯಾರ್ಥಿಗಳ ಜೊತೆ ಸಿ ಕಂಪೈಲರ್ ಬರೆಯುತ್ತಿದ್ದರು. ಒಬ್ಬ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಕೂರುವವನು, ಇನ್ನೊಬ್ಬನಿಗೆ ಹೊತ್ತುಗೊತ್ತಿಲ್ಲ, ಮೇಷ್ಟರಿಗೆ ಬಿಡುವು ಸಂಜೆ ಮಾತ್ರ. ಮೂವರೂ ಕಾಯದೆ ಕೆಲಸ ಮಾಡಲೆಂದು ಹುಟ್ಟಿದ್ದೇ ಸಿವಿಎಸ್ ಎಂಬ ತಂತ್ರಾಂಶ. 1986ರಲ್ಲಿ ಅವರು ಅದನ್ನು ಎಲ್ಲರಿಗೂ ಕೊಟ್ಟರು. ಈಗ ನೀನು ಬಳಸುವ ಗಿಟ್ ಕೂಡ ಅದೇ ನಂಬಿಕೆಯ ಮೇಲೆ ನಿಂತಿದೆ: ಇಬ್ಬರೂ ಯಾವ ಪ್ರತಿಯಿಂದ ಹೊರಟರೋ ಅದನ್ನು ಎದುರಿಗಿಟ್ಟುಕೊಂಡು, ಯಾರು ಏನು ಬದಲಿಸಿದರೆಂದು ನೋಡಿ ಎರಡನ್ನೂ ಸೇರಿಸುತ್ತದೆ. ಒಂದೇ ಜಾಗವನ್ನು ಇಬ್ಬರೂ ಬೇರೆ ಬೇರೆ ರೀತಿ ತಿದ್ದಿದ್ದರೆ ಮಾತ್ರ ನಿನ್ನನ್ನು ಕೇಳುತ್ತದೆ. ನೀನು ಹೆದರಿದ್ದು ಆ ಪ್ರಶ್ನೆಗೆ.

ಚಿತ್ರ, ಧ್ವನಿ, ತ್ರೀಡಿ ಮಾದರಿಗಳ ಮಾತು ಬೇರೆ. ಎರಡು ಫೋಟೋಶಾಪ್ ಫೈಲುಗಳನ್ನು ಸಾಲು ಸಾಲಾಗಿ ಹೊಲಿಯಲಾಗದು. ಅಲ್ಲಿ ಲಾಕ್ ಹಾಕು, ಸಂಕೋಚ ಬೇಡ. ಸಿವಿಎಸ್ ನಂತರ ಬಂದ ಸಬ್‌ವರ್ಷನ್ 2005ರಲ್ಲಿ, ದೊಡ್ಡ ಫೈಲುಗಳಿಗೆಂದು ಗಿಟ್‌ಗೆ ಜೋಡಿಸುವ ಗಿಟ್ ಎಲ್‌ಎಫ್‌ಎಸ್ 2017ರಲ್ಲಿ ಲಾಕ್ ಸೇರಿಸಿಕೊಂಡದ್ದು ಇಂಥವಕ್ಕಾಗಿಯೇ. ಕೆಲಸ ಮುಗಿದ ಸಂಜೆಯೇ ಲಾಕ್ ಬಿಡು.

ಕಾನ್‌ಫ್ಲಿಕ್ಟ್ ಬಾರದ ದಿನವೇ ನನಗೆ ಹೆಚ್ಚು ಭಯ. ನೀನು ಒಂದು ಫಂಕ್ಷನ್ನಿನ ಹೆಸರು ಬದಲಿಸಿದೆ, ಅದೇ ಹೊತ್ತಿಗೆ ಇನ್ನೊಬ್ಬ ಬೇರೊಂದು ಫೈಲಿನಲ್ಲಿ ಹಳೆಯ ಹೆಸರಿನಿಂದಲೇ ಅದನ್ನು ಕರೆದ ಎಂದುಕೋ. ಗಿಟ್ ತಕರಾರಿಲ್ಲದೆ ಸೇರಿಸುತ್ತದೆ, ಬಿಲ್ಡ್ ಒಡೆಯುತ್ತದೆ. ಅದು ನೋಡುವುದು ಸಾಲುಗಳನ್ನು, ನಿಮ್ಮಿಬ್ಬರ ಉದ್ದೇಶವನ್ನಲ್ಲ. ಅದಕ್ಕೇ ಹೇಳುವುದು, ಬೆಳಿಗ್ಗೆ ಮೊದಲು ಪುಲ್ ಮಾಡು, ಸಣ್ಣ ಸಣ್ಣದಾಗಿ ಕಮಿಟ್ ಮಾಡು, ಸೇರಿಸಿದ ಮೇಲೆ ಟೆಸ್ಟ್ ಓಡಿಸದೆ ಎದ್ದು ಹೋಗಬೇಡ.

ನಿನ್ನೆಯ ಕಾನ್‌ಫ್ಲಿಕ್ಟ್ ಇನ್ನೂ ಹಾಗೇ ಇದೆ ತಾನೆ? ನಿನ್ನದೇ ಇರಲಿ ಎಂದು ಒತ್ತಿಬಿಡಬೇಡ. ಆ ಸಾಲು ಬರೆದ ಹುಡುಗನ ಹತ್ತಿರ ಹೋಗು, ಯಾಕೆ ಹಾಗೆ ಬರೆದ ಎಂದು ಕೇಳಿಕೊಂಡು ಬಾ.