ಹೃದಯಾಶ್ವಕ್ಕೆ ಕಡಿವಾಣ: ಬೀಟಾ ನಿರೋಧಕ ಔಷಧಗಳು

ವ್ಯಾಕರಣ ಬೋಧಿಸುವ ಪಂಡಿತನು ವೈದ್ಯವಿಷಯಕ್ಕೆ ಕೈಹಾಕುವುದು ಅಧಿಕಪ್ರಸಂಗವೆನಿಸೀತು. ಆದರೆ ನಮ್ಮ ಅಧ್ಯಾಪಕ ಮಿತ್ರರಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಈ ಗುಳಿಗೆಗಳನ್ನು ಸೇವಿಸುವವರು ಹಲವರಿದ್ದಾರೆ. ಅವು ಒಡಲೊಳಗೆ ಎಸಗುವ ಕಾರ್ಯವನ್ನು ಬಲ್ಲವರು ವಿರಳ. ಅರಿಯದೆ ಸೇವಿಸಿದ ಮದ್ದು ಅರ್ಥವರಿಯದೆ ಓದಿದ ಪದ್ಯದಂತೆ.

ನಿಮಿಷಕ್ಕೆ ಸುಮಾರು 70 ಬಾರಿ ಮಿಡಿಯುವ ಹೃದಯವು ದಿನವೊಂದಕ್ಕೆ ಲಕ್ಷ ಬಾರಿ ಮಿಡಿಯುತ್ತದೆ. ಭಯ, ಕೋಪ, ಶ್ರಮಗಳು ಒದಗಿದಾಗ ಮೂತ್ರಪಿಂಡಗಳ ಮೇಲಿನ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಅದು ಹೃದಯದ ಜೀವಕೋಶಗಳಲ್ಲಿರುವ ಗ್ರಾಹಕಸ್ಥಾನಗಳನ್ನು ಸೇರಿ ಮಿಡಿತದ ವೇಗವನ್ನೂ ಬಲವನ್ನೂ ಹೆಚ್ಚಿಸುತ್ತದೆ. ಇಂತಹ ಸ್ಥಾನಗಳು ಆಲ್ಫಾ, ಬೀಟಾ ಎಂದು ಎರಡು ಬಗೆಯೆಂಬುದನ್ನು 1948ರಲ್ಲಿ ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್ ಪ್ರತಿಪಾದಿಸಿದರು. ಈ ತತ್ತ್ವವನ್ನು ಆಧರಿಸಿ ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ಪ್ರೊಪ್ರನಲಾಲ್ ಎಂಬ ಔಷಧವನ್ನು ರೂಪಿಸಿದರು. 1988ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಭಾಜನರಾದರು.

ಇದರ ಕಾರ್ಯವನ್ನು ಆದೇಶಸಂಧಿಯ ನಿದರ್ಶನದಿಂದ ತಿಳಿಯಬಹುದು. ಆದೇಶಾಕ್ಷರವು ಮೊದಲಿದ್ದ ಅಕ್ಷರವನ್ನು ತೆರವುಗೊಳಿಸಿ ತಾನೇ ಅಲ್ಲಿ ನಿಲ್ಲುವಂತೆ, ಈ ಔಷಧವು ಅಡ್ರಿನಲಿನ್‌ಗೆ ಮೀಸಲಾದ ಬೀಟಾ ಸ್ಥಾನವನ್ನು ಆಕ್ರಮಿಸುತ್ತದೆ. ಭೇದವಿಷ್ಟೇ: ಸ್ಥಾನವನ್ನು ಪಡೆಯುತ್ತದೆ, ಅಲ್ಲಿನ ಕೆಲಸವನ್ನು ಮಾತ್ರ ಮಾಡದು. ಆಗ ಹೃದಯವು ನಿಧಾನಗೊಂಡು, ಅದಕ್ಕೆ ಬೇಕಾಗುವ ಆಮ್ಲಜನಕವೂ ಕಡಮೆಯಾಗುತ್ತದೆ. ಮೂತ್ರಪಿಂಡಗಳಿಂದ ಸ್ರವಿಸುವ ರೆನಿನ್ ತಗ್ಗುವುದರಿಂದ ರಕ್ತದೊತ್ತಡವೂ ಇಳಿಯುತ್ತದೆ. ಎದೆನೋವು, ಲಯ ತಪ್ಪಿದ ಮಿಡಿತ, ದುರ್ಬಲ ಹೃದಯ ಇವುಗಳಲ್ಲಿ ಇದು ಉಪಕಾರಿ. ಬೇರೆ ಹೃದ್ರೋಗವಿಲ್ಲದೆ ರಕ್ತದೊತ್ತಡ ಮಾತ್ರ ಇರುವವರಿಗೆ ಇಂದು ವೈದ್ಯರು ಸಾಮಾನ್ಯವಾಗಿ ಅನ್ಯ ಔಷಧಗಳನ್ನೇ ಮೊದಲು ಕೊಡುತ್ತಾರೆ.

ಶ್ವಾಸನಾಳಗಳಲ್ಲಿಯೂ ಬೀಟಾ ಸ್ಥಾನಗಳಿರುವುದರಿಂದ ಉಬ್ಬಸವುಳ್ಳವರಿಗೆ ಈ ಮದ್ದು ಅಪಾಯಕರವಾಗಬಹುದು. ಮಧುಮೇಹಿಗಳಲ್ಲಿ ಸಕ್ಕರೆ ಅತಿಯಾಗಿ ಇಳಿದಾಗ ತೋರುವ ಎದೆಬಡಿತ, ನಡುಕಗಳನ್ನು ಇದು ಮರೆಮಾಚುವುದೂ ಉಂಟು.

ಇನ್ನೊಂದು ಎಚ್ಚರಿಕೆಯನ್ನು ಸ್ವಾನುಭವದಿಂದಲೇ ಹೇಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ, ಒತ್ತಡ ಸರಿಹೋಯಿತೆಂದು ಬಗೆದು, ಯಾರನ್ನೂ ಕೇಳದೆ ಗುಳಿಗೆಯನ್ನು ನಿಲ್ಲಿಸಿದೆನು. ಮೂರನೆಯ ದಿನ ದೊಮ್ಮಲೂರಿನ ಮನೆಯ ಜಗಲಿಯಲ್ಲಿ ಎದೆ ಡವಗುಟ್ಟಿ, ಬೆವರು ಸುರಿದು, ಕುಳಿತಲ್ಲಿಯೇ ಕುಸಿದೆನು. ಮನೆಯವರು ಕೂಡಲೇ ಆಸ್ಪತ್ರೆಗೆ ಸೇರಿಸಿದುದರಿಂದ ಉಳಿದೆನು. ವೈದ್ಯರು ಕಾರಣವನ್ನು ವಿವರಿಸಿದರು: ಬಹುಕಾಲ ತಡೆಯಲ್ಪಟ್ಟ ಜೀವಕೋಶಗಳು ಗ್ರಾಹಕಸ್ಥಾನಗಳನ್ನು ಹೆಚ್ಚಿಸಿಕೊಂಡಿರುತ್ತವೆ, ತಡೆಯನ್ನು ಹಠಾತ್ತನೆ ತೆಗೆದರೆ ಅಡ್ರಿನಲಿನ್ ಇಮ್ಮಡಿ ಪ್ರತಾಪದಿಂದ ನುಗ್ಗುತ್ತದೆ. ಆದುದರಿಂದ ಇದನ್ನು ಬಿಡಬೇಕಾದರೆ ವೈದ್ಯರ ಸಲಹೆಯಂತೆ ಮೆಲ್ಲಮೆಲ್ಲನೆ ಬಿಡತಕ್ಕದ್ದು.

ಚಿತ್ರದುರ್ಗದ ಶ್ರೀ ಜಯದೇವ ಮುರುಘರಾಜೇಂದ್ರ ಸ್ವಾಮಿಗಳ ಹೆಸರನ್ನು ಹೊತ್ತ ಹೃದ್ರೋಗ ಆಸ್ಪತ್ರೆಯು ನಮ್ಮ ಬೆಂಗಳೂರಿನಲ್ಲಿಯೇ ಇದೆ. ಅನ್ನ, ಅಕ್ಷರಗಳಂತೆ ಆರೋಗ್ಯವೂ ದಾಸೋಹದ ಒಂದು ಮುಖವೆಂಬುದನ್ನು ಅದು ನೆನಪಿಸುತ್ತದೆ. ದಾನಿಗಳು ಕೊಟ್ಟ ಆ ನೆರವು ಸಾರ್ಥಕವಾಗುವುದು, ರೋಗಿಯೂ ತನ್ನ ಮದ್ದನ್ನು ಅರಿತು ಸೇವಿಸಿದಾಗ. ಕುದುರೆ ಓಡುತ್ತಿರುವಾಗ ಕಡಿವಾಣವನ್ನು ಕೈಬಿಡದಿರೋಣ.