ಅಧ್ಯಯನ ಪೋಸ್ಟ್ 14: ಕಾರಿನ ಗಾಜಿನ ಮೇಲಿನ ಹನುಮ, ಪೀಠದ ಮೇಲಿನ ಅಯ್ಯಪ್ಪ

ಓಂ ಸ್ವಾಮಿಯೇ ಶರಣಂ ಅಯ್ಯಪ್ಪ

ಕಳೆದ ವಾರ ಇರುಮುಡಿ ಬಗ್ಗೆ ಓದಿದೆವು. ಈ ವಾರ ಮಂತ್ರವೂ ಇಲ್ಲ, ವ್ರತದ ನಿಯಮವೂ ಇಲ್ಲ. ದೇವರ ಚಿತ್ರ ನಮ್ಮ ಮನಸ್ಸಿಗೆ ಏನು ಮಾಡುತ್ತೆ, ಅದರೊಳಗೆ ರಾಜಕೀಯ ಯಾವ ಬಾಗಿಲಿಂದ ಬರುತ್ತೆ ಅನ್ನೋದು ವಿಷಯ. ಪಕ್ಷದ ಚರ್ಚೆ ಬೇಡ ಅನ್ನೋ ಗ್ರೂಪಿನ ನಿಯಮ ನನಗೆ ನೆನಪಿದೆ, ಅಡ್ಮಿನ್ ಸ್ವಾಮಿಗಳು ಗಾಬರಿ ಆಗಬೇಡಿ.

ನಾನಿರುವ ನಾರಾಯಣಗೂಡದ ಸಿಗ್ನಲ್‌ನಲ್ಲಿ ಐದು ನಿಮಿಷ ನಿಂತರೆ ಒಂದಾದರೂ ಕಾರಿನ ಹಿಂದಿನ ಗಾಜಿನಲ್ಲಿ ಆ ಹನುಮ ಕಾಣುತ್ತಾನೆ. ಕಪ್ಪು ಮತ್ತು ಕೇಸರಿ, ಎರಡೇ ಬಣ್ಣ. ಬಿಗಿದ ಹುಬ್ಬು. ಮುಖ ಮಾತ್ರ. ಚೈತ್ರ ಹುಣ್ಣಿಮೆಯ ದಿನ ಗೌಳಿಗೂಡ ರಾಮಮಂದಿರದಿಂದ ತಾಡಬಂದ್ ಹನುಮಾನ್ ಗುಡಿಗೆ ಹೋಗುವ ಯಾತ್ರೆ ಇದೇ ನಾರಾಯಣಗೂಡದ ಮೇಲೆ ಹಾದುಹೋಗುತ್ತೆ. ಅವತ್ತು ಬೈಕು, ಬಾವುಟ, ಟೀ ಶರ್ಟು, ಎಲ್ಲದರ ಮೇಲೂ ಅದೇ ಮುಖ. (ತೆಲುಗು ಮನೆಗಳಲ್ಲಿ ಹನುಮಜ್ಜಯಂತಿ ವೈಶಾಖ ಬಹುಳ ದಶಮಿಗೆ, ನಮ್ಮ ಕರ್ನಾಟಕದಲ್ಲಿ ಮಾರ್ಗಶಿರದಲ್ಲಿ. ಯಾತ್ರೆ ಮಾತ್ರ ಚೈತ್ರದಲ್ಲಿ. ಒಬ್ಬ ಹನುಮನಿಗೆ ಮೂರು ಹುಟ್ಟುಹಬ್ಬ ಹೇಗೆ ಬಂತು ಅನ್ನೋದು ಬೇರೆ ಪೋಸ್ಟ್.)

ಈ ಚಿತ್ರ ಉತ್ತರ ಭಾರತದಿಂದ ಬಂದದ್ದು ಅಂತ ಇಲ್ಲಿ ಬಹಳ ಜನ ತಿಳಿದಿದ್ದಾರೆ. ಅಲ್ಲ ಸ್ವಾಮಿ. ಇದನ್ನು ಮಾಡಿದ್ದು ಕಾಸರಗೋಡು ಜಿಲ್ಲೆಯ ಕುಂಬಳೆಯ ಕರಣ್ ಆಚಾರ್ಯ ಎಂಬ ಯುವ ಕಲಾವಿದ. 2015ರಲ್ಲಿ ಊರಿನ ಹುಡುಗರು ಗಣೇಶ ಚತುರ್ಥಿಗೆ ಸ್ವಲ್ಪ ಬೇರೆ ಥರದ ಬಾವುಟ ಬೇಕು ಅಂದರು, ಅವರು ಕಂಪ್ಯೂಟರಿನಲ್ಲಿ ಬಿಡಿಸಿಕೊಟ್ಟರು, ಅಷ್ಟೇ. ಅಲ್ಲಿಂದ ಅದು ಮಂಗಳೂರು, ಬೆಂಗಳೂರು ದಾಟಿ ದೇಶವೆಲ್ಲಾ ಹರಡಿತು. ಹರಡಿದ್ದಕ್ಕೆ ಭಕ್ತಿಯ ಜೊತೆಗೆ ಒಂದು ತಾಂತ್ರಿಕ ಕಾರಣವೂ ಇದೆ ಅಂತ ನನ್ನ ಅನಿಸಿಕೆ. ಕಂಪ್ಯೂಟರಿನಲ್ಲಿ ಕೆಲಸ ಮಾಡುವವನಿಗೆ ಇದು ಬೇಗ ಕಣ್ಣಿಗೆ ಬೀಳುತ್ತೆ. ಎರಡೇ ಬಣ್ಣದ ಚಿತ್ರವನ್ನು ಸ್ಟಿಕ್ಕರ್ ಅಂಗಡಿಯವರು ಸುಲಭವಾಗಿ ಕತ್ತರಿಸಬಹುದು. ಕಪ್ಪನ್ನು ಕಾರಿನ ಗಾಜೇ ಕೊಡುತ್ತೆ. ಎಷ್ಟು ದೊಡ್ಡದು ಮಾಡಿದರೂ ಗೆರೆ ಒಡೆಯೋದಿಲ್ಲ, ದೂರದಿಂದಲೂ ಗುರುತು ಸಿಗುತ್ತೆ.

2018ರ ಮೇ ತಿಂಗಳಲ್ಲಿ ಕರ್ನಾಟಕ ವಿಧಾನಸಭೆ ಚುನಾವಣೆಗೆ ಮಂಗಳೂರಿನಲ್ಲಿ ಭಾಷಣ ಮಾಡಿದ ಪ್ರಧಾನಿ ನರೇಂದ್ರ ಮೋದಿಯವರು ಈ ಚಿತ್ರವನ್ನೂ ಕಲಾವಿದರನ್ನೂ ಹೊಗಳಿದರು, ಇದನ್ನು ವಿವಾದ ಮಾಡಿದ ವಿರೋಧ ಪಕ್ಷದವರನ್ನು ಟೀಕಿಸಿದರು. ಅದಕ್ಕೂ ಮೊದಲೇ ಕೆಲವರು ಇದನ್ನು ಉಗ್ರ ಹಿಂದುತ್ವದ ಗುರುತು ಅಂತ ಬರೆದಿದ್ದರು. ಮಾಡಿದವರು ಮಾತ್ರ ನನ್ನ ಹನುಮ ಸಿಟ್ಟಾಗಿಲ್ಲ, ಅವನಿಗೆ ಗತ್ತಿದೆ ಅಷ್ಟೇ ಎಂಬರ್ಥದಲ್ಲಿ ಹೇಳುತ್ತಾ ಬಂದರು. ನಾನು ಅವರ ಮಾತನ್ನು ನಂಬುತ್ತೇನೆ. ಹಾಗಾದರೆ ಗತ್ತು ಅಂತ ಬರೆದದ್ದನ್ನು ಲಕ್ಷಾಂತರ ಜನ ಸಿಟ್ಟು ಅಂತ ಯಾಕೆ ಓದಿದರು? ಸಿಟ್ಟು ಅಂತ ಓದಿ ಇಷ್ಟಪಟ್ಟವರೂ ಇದ್ದಾರೆ, ಸಿಟ್ಟು ಅಂತ ಓದಿ ಹೆದರಿದವರೂ ಇದ್ದಾರೆ.

ಇದಕ್ಕೆ ಉತ್ತರ ನಮ್ಮ ಹಳೇ ಶಾಸ್ತ್ರದಲ್ಲೇ ಸಿಗುತ್ತೆ. ಭರತನ ನಾಟ್ಯಶಾಸ್ತ್ರದಲ್ಲಿ ವೀರ ಬೇರೆ, ರೌದ್ರ ಬೇರೆ. ವೀರರಸದ ಸ್ಥಾಯಿಭಾವ ಉತ್ಸಾಹ, ರೌದ್ರದ ಸ್ಥಾಯಿಭಾವ ಕ್ರೋಧ. ವೀರಕ್ಕೆ ಹೊಂಬಣ್ಣ ಅಂದರೆ ಗೌರ, ರೌದ್ರಕ್ಕೆ ಕೆಂಪು. ವೀರ ಉತ್ತಮ ಪ್ರಕೃತಿಯವರದ್ದು, ರೌದ್ರ ರಾಕ್ಷಸರು, ದಾನವರು, ಉದ್ಧಟ ಮನುಷ್ಯರದ್ದು ಅಂತ ಭರತ ವಿಂಗಡಿಸುತ್ತಾನೆ. ಇದು ಪುಸ್ತಕದ ಮಾತಷ್ಟೇ ಅಲ್ಲ. ಯಕ್ಷಗಾನಕ್ಕೆ ರಾಮಾಯಣದ ಪ್ರಸಂಗಗಳನ್ನು ಕೊಟ್ಟ ಪಾರ್ತಿಸುಬ್ಬ ಇದೇ ಕುಂಬಳೆಯವನು. ಆ ಸೀಮೆಯ ತೆಂಕುತಿಟ್ಟಿನಲ್ಲಿ ಮುಖಕ್ಕೆ ಚುಟ್ಟಿ ಇಟ್ಟು ಭಯ ಹುಟ್ಟಿಸುವ ಬಣ್ಣದ ವೇಷ ರಾಕ್ಷಸರಿಗೆ. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಲ್ಲಿ ಕೂತ ಮಗುವಿಗೂ ಯಾರು ಯಾರೆಂದು ಗೊತ್ತಾಗುತ್ತೆ.

ಆದರೆ ರಸ ಬರೀ ಮುಖದಿಂದ ಹುಟ್ಟೋದಿಲ್ಲ. ವಿಭಾವ ಬೇಕು, ಅಂದರೆ ಯಾಕೆ, ಯಾರಿಗಾಗಿ, ಯಾರ ಎದುರು ಅನ್ನೋದು ಕಾಣಬೇಕು. ಸಂಜೀವಿನಿ ಬೆಟ್ಟ ಹೊತ್ತ ಹನುಮನ ಹುಬ್ಬು ಎಷ್ಟೇ ಗಂಟಿಕ್ಕಿದ್ದರೂ ನಮಗೆ ಕಾಣೋದು ಉತ್ಸಾಹ, ಯಾಕೆಂದರೆ ಬೆಟ್ಟ ಇದೆ, ಅದರ ಆಚೆ ಬಿದ್ದಿರುವ ಲಕ್ಷ್ಮಣ ಇದ್ದಾನೆ. ಸ್ಟಿಕ್ಕರಿನ ಹನುಮನ ಹತ್ತಿರ ಬೆಟ್ಟ ಇಲ್ಲ, ಗದೆ ಇಲ್ಲ, ಜೋಡಿಸಿದ ಕೈ ಇಲ್ಲ, ಎದುರಿಗೆ ರಾಮ ಇಲ್ಲ. ಹುಬ್ಬು ಮಾತ್ರ ಉಳಿಯಿತು. ಅದು ಯಾರ ಮೇಲೆ ಅಂತ ಚಿತ್ರ ಹೇಳೋದಿಲ್ಲ, ನೋಡುವವನು ತಾನೇ ತುಂಬಿಕೊಳ್ಳುತ್ತಾನೆ.

ನನ್ನ ಸಪೋರ್ಟ್ ಕೆಲಸದಲ್ಲಿ ಇದು ದಿನಾ ಕಾಣುತ್ತೆ. ಚಾಟ್‌ನಲ್ಲಿ ‘ಇನ್ನೂ ಆಗಿಲ್ವಾ’ ಅಂತ ಒಂದು ಸಾಲು ಬರುತ್ತೆ. ಬೆಳಿಗ್ಗೆ ಮೊದಲ ಟಿಕೆಟ್‌ನಲ್ಲಿ ಅದು ಪ್ರಶ್ನೆ, ಸಂಜೆ ಇಪ್ಪತ್ತನೇ ಟಿಕೆಟ್‌ನಲ್ಲಿ ಅದೇ ಸಾಲು ಬೈಗುಳ. ಅಕ್ಷರ ಬದಲಾಗಿಲ್ಲ, ದನಿ ಇಲ್ಲದ ಕಡೆ ನನ್ನ ಮನಸ್ಸು ದನಿ ಸೇರಿಸಿತು. ಹಾಗೇ ಸ್ಟಿಕ್ಕರಿನ ಮುಂದೆ ಚುನಾವಣೆ ಬಂದರೆ, ಮೆರವಣಿಗೆ ಬಂದರೆ, ಆ ಖಾಲಿ ಜಾಗಕ್ಕೆ ಎದುರಾಳಿಯ ಹೆಸರು ಬಂದು ಕೂರುತ್ತೆ. ಹಿಂಬದಿ ಗಾಡಿಯಲ್ಲಿ ಬರುವ ಬೇರೆ ಧರ್ಮದವನಿಗೆ ‘ನನ್ನ ಮೇಲೆಯೇ’ ಅನಿಸುತ್ತೆ. ಇಬ್ಬರೂ ಒಂದೇ ಖಾಲಿ ಜಾಗ ತುಂಬುತ್ತಿದ್ದಾರೆ. ರಾಜಕೀಯ ಒಳಗೆ ಬರುವ ಬಾಗಿಲು ಇದೇ ಅಂತ ನನಗೆ ಅನಿಸೋದು. ಭಾಷಣಕಾರ ಚಿತ್ರಕ್ಕೆ ಏನನ್ನೂ ಸೇರಿಸಬೇಕಾಗಿಲ್ಲ.

ಈಗ ಹಂಪಿಗೆ ಹೋಗೋಣ. ಚಕ್ರತೀರ್ಥದ ಹತ್ತಿರ ವ್ಯಾಸರಾಯರು ಪ್ರತಿಷ್ಠಾಪಿಸಿದ ಯಂತ್ರೋದ್ಧಾರಕ ಹನುಮ ಷಟ್ಕೋನದ ಯಂತ್ರದೊಳಗೆ ಪದ್ಮಾಸನ ಹಾಕಿ ಧ್ಯಾನಕ್ಕೆ ಕೂತಿದ್ದಾನೆ. ಅವರ ಹೆಸರಿನಲ್ಲಿ ಊರೂರಲ್ಲಿ ಕಾಣುವ ಇನ್ನೊಂದು ಮಾದರಿ ನಿಂತ ಹನುಮ: ಬಲಗೈ ಮೇಲೆತ್ತಿದ್ದಾನೆ, ತಲೆಯ ಮೇಲೆ ಬಂದ ಬಾಲದ ತುದಿಗೆ ಗಂಟೆ, ಎಡಗೈಯಲ್ಲಿ ಹೂವು. ಹೊಡೆಯಲು ಎತ್ತಿದ ಕೈ ಅನ್ನಿ, ಅಭಯದ ಕೈ ಅನ್ನಿ, ಎರಡೂ ಸರಿ. ಬಹಳ ಕಡೆ ಮುಖ ಪಕ್ಕಕ್ಕೆ ತಿರುಗಿರುತ್ತೆ, ನಮಗೆ ಒಂದೇ ಕಣ್ಣು ಕಾಣುತ್ತೆ. ಅವನ ಗಮನ ಬೇರೆಲ್ಲೋ ಕೆಲಸದ ಮೇಲಿದೆ, ನಾವು ಪಕ್ಕದಲ್ಲಿ ನಿಂತು ನೋಡುತ್ತಿದ್ದೇವೆ. ಸ್ಟಿಕ್ಕರಿನ ಹನುಮ ನೇರ ನಮ್ಮನ್ನೇ ದಿಟ್ಟಿಸುತ್ತಾನೆ. ವಿಗ್ರಹಕ್ಕೆ ಕಣ್ಣು ತೆರೆಯುವುದನ್ನು ಕೊನೆಗೆ ಇಟ್ಟುಕೊಂಡು ಶಾಸ್ತ್ರೋಕ್ತವಾಗಿ ಮಾಡುವ ಪರಂಪರೆ ನಮ್ಮದು. ನೋಟ ಎಲ್ಲಿ ಬೀಳುತ್ತೆ ಅನ್ನೋದನ್ನು ಹಿರಿಯರು ಅಷ್ಟು ಲಘುವಾಗಿ ತೆಗೆದುಕೊಂಡಿರಲಿಲ್ಲ.

ಹಾಗಂತ ಚಿತ್ರ ಬದಲಾಗೋದೇ ತಪ್ಪು ಅಂತಲ್ಲ. ನಮ್ಮ ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್. ಎಂ. ಪಂಡಿತರು ಮುಂಬೈಯಲ್ಲಿ ಸಿನಿಮಾ ಪೋಸ್ಟರ್‌ಗಳನ್ನೂ ದೇವರ ಕ್ಯಾಲೆಂಡರ್‌ಗಳನ್ನೂ ಬಿಡಿಸಿದರು. ಅವರಂಥವರ ಚಿತ್ರಗಳಿಂದಲೇ ನಮ್ಮ ಅಜ್ಜಿಯರ ದೇವರ ಕೋಣೆ ತುಂಬಿದ್ದು. ರಾಮನ ವಿಷಯಕ್ಕೆ ಬಂದರೆ, ಸೌಮ್ಯವಾಗಿದ್ದ ರೂಪ ಅಯೋಧ್ಯೆ ಚಳವಳಿಯ ಕಾಲದ ಪೋಸ್ಟರ್‌ಗಳಲ್ಲಿ ಹುರಿಗಟ್ಟಿದ ಯೋಧನ ರೂಪ ಆದದ್ದನ್ನು ಅನುರಾಧಾ ಕಪೂರ್ 1993ರಲ್ಲೇ ಲೇಖನ ಬರೆದು ತೋರಿಸಿದ್ದಾರೆ. ಬಿಲ್ಲು ಮೊದಲೂ ಇತ್ತು. ಪಕ್ಕದಲ್ಲಿದ್ದ ಸೀತೆ, ಲಕ್ಷ್ಮಣ, ಕಾಲ ಬಳಿ ಕೂತ ಹನುಮ ಬಹಳ ಪೋಸ್ಟರ್‌ಗಳಿಂದ ಹೊರಗೆ ಹೋದರು.

ನಮ್ಮ ಸ್ವಾಮಿಗೆ ಬರೋಣ. 2018ರ ಸೆಪ್ಟೆಂಬರ್ 28ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ನಡೆದದ್ದು ಎಲ್ಲರಿಗೂ ಗೊತ್ತು, ತೀರ್ಪಿನ ಸರಿ ತಪ್ಪಿಗೆ ನಾನು ಇಲ್ಲಿ ಕೈಹಾಕೋದಿಲ್ಲ. ದೃಶ್ಯ ಮಾತ್ರ ನೋಡಿ. ಡಿಸೆಂಬರ್ 26ರಂದು ಕಾಸರಗೋಡಿನ ಹೊಸಂಗಡಿಯಿಂದ ದಕ್ಷಿಣದ ತುದಿಯವರೆಗೆ ಭಕ್ತರು ದೀಪ ಹಿಡಿದು ಸಾಲಾಗಿ ನಿಂತರು, ಅಯ್ಯಪ್ಪ ಜ್ಯೋತಿ. ಆರು ದಿನದ ನಂತರ, 2019ರ ಜನವರಿ 1ರಂದು, ಅದೇ ಕಾಸರಗೋಡಿನಿಂದ ತಿರುವನಂತಪುರದವರೆಗೆ ಮಹಿಳೆಯರ ಗೋಡೆ. ಎರಡೂ ರಾಜಕೀಯವೇ, ಎರಡಕ್ಕೂ ಸಂಘಟಕರಿದ್ದರು. ಆದರೂ ಎರಡೂ ಕಡೆಯವರು ಆರಿಸಿಕೊಂಡದ್ದು ಸುಮ್ಮನೆ ಸಾಲಾಗಿ ನಿಲ್ಲುವ ರೂಪ. ಅದೇ ತಿಂಗಳುಗಳಲ್ಲಿ ಬೀದಿಯಲ್ಲಿ ಕಲ್ಲೂ ಬಿದ್ದವು ಅನ್ನೋದನ್ನು ಮುಚ್ಚಿಡೋದು ಬೇಡ.

ಈಗ ಮುಖ್ಯ ಮಾತು. ಡಿಸೆಂಬರ್ ಪಡಿಪೂಜೆಯ ಬ್ಯಾನರ್‌ಗೆ ಗ್ರೂಪಿನಲ್ಲಿ ನಾಲ್ಕು ಚಿತ್ರ ಬಂದಿವೆ. ಮೂರನೆಯದು ಎಐಯಲ್ಲಿ ಮಾಡಿದ್ದು: ಹುಲಿ, ಬಿಲ್ಲು, ಜಿಮ್ ಮೈಕಟ್ಟು, ಕೆಂಪು ಆಕಾಶ, ನೇರ ನಮ್ಮ ಕಡೆ ದಿಟ್ಟಿಸುವ ಕಣ್ಣು. ಕನ್ನಿ ಸ್ವಾಮಿಯೊಬ್ಬರು ‘ಕೂತಿರೋ ಫೋಟೋ ನೋಡಿದ್ರೆ ನಿದ್ದೆ ಬರುತ್ತೆ, ಇದು ನೋಡಿದ್ರೆ ಮೈ ಜುಮ್ಮನ್ನುತ್ತೆ’ ಅಂತ ವಾಯ್ಸ್ ಮೆಸೇಜ್ ಹಾಕಿದರು. ಪ್ರಾಮಾಣಿಕ ಮಾತು, ನಗಬೇಡಿ. ಜುಮ್ಮನ್ನೋದು ನಿಜ.

ಆದರೆ ಶಬರಿಮಲೆಯಲ್ಲಿ ಕೂತಿರೋ ಸ್ವಾಮಿಯನ್ನು ಸರಿಯಾಗಿ ನೋಡಿ. ಮಂಡಿ ಎತ್ತಿ ಕೂತ ಭಂಗಿ ವಿಶ್ರಾಂತಿಯದ್ದಲ್ಲ, ಈಗಲೇ ಏಳಬಲ್ಲ ಭಂಗಿ. ಆ ಮಂಡಿಗಳ ಸುತ್ತ ಯೋಗಪಟ್ಟ. ಪಂದಳ ರಾಜ ಬಂದಾಗ ತಂದೆಗೆ ಗೌರವ ಕೊಡಲು ಮಗ ಏಳಹೊರಟ, ಏಳಬೇಡ ಅಂತ ರಾಜ ತನ್ನ ಉತ್ತರೀಯವನ್ನೇ ಹಾಕಿದ, ಅದೇ ಪಟ್ಟವಾಯಿತು ಅಂತ ಹಿರಿಯ ಸ್ವಾಮಿಗಳು ಹೇಳುವ ಕಥೆ. ಮಹಿಷಿಯನ್ನು ಕೊಂದ ಶಕ್ತಿಯನ್ನು ಪ್ರೀತಿಯ ಒಂದು ಬಟ್ಟೆ ಹಿಡಿದು ಕೂರಿಸಿದೆ. ಬಲಗೈ ಚಿನ್ಮುದ್ರೆ. ಸನ್ನಿಧಾನದಲ್ಲಿ ಬರೆದಿರೋದು ತತ್ತ್ವಮಸಿ, ನೋಡುವವನು ನೋಡಿದ್ದೇ ಆಗುತ್ತಾನೆ ಅಂತ ನಾನು ಅದನ್ನು ಅರ್ಥಮಾಡಿಕೊಂಡಿದ್ದೇನೆ. ಮನಶ್ಶಾಸ್ತ್ರಜ್ಞ ರಾಬರ್ಟ್ ಝಯಾಂಕ್ 1968ರಲ್ಲಿ ತೋರಿಸಿದ್ದೂ ಇದರ ಹತ್ತಿರದ್ದೇ: ಪದೇ ಪದೇ ಕಂಡದ್ದು, ಬೇರೆ ಕಾರಣವೇ ಇಲ್ಲದೆ, ಇಷ್ಟವಾಗುತ್ತಾ ಹೋಗುತ್ತೆ. ನಾವು 41 ದಿನ ಬೆಳಿಗ್ಗೆ ಸಂಜೆ ಒಂದೇ ರೂಪದ ಮುಂದೆ ಕೂರುವವರು.

ಉಗ್ರಕ್ಕೆ ನಮ್ಮಲ್ಲಿ ಜಾಗ ಇಲ್ಲ ಅಂತ ಯಾರೂ ಹೇಳಬೇಡಿ. ಎರುಮೇಲಿಯ ಪೇಟ್ಟತುಳ್ಳಲ್ ಇದೆಯಲ್ಲ. ಮೈಗೆ ಬಣ್ಣ, ಕೈಯಲ್ಲಿ ಮರದ ಆಯುಧ, ಬೇಟೆಗಾರರಂತೆ ಕುಣಿತ, ಕೂಗು. ಆ ಕುಣಿತ ವಾವರ್ ಸ್ವಾಮಿಯ ಮಸೀದಿಗೂ ಹೋಗಿ ಗೌರವ ಕೊಟ್ಟು ಶಾಸ್ತಾ ಗುಡಿಗೆ ಬರುತ್ತೆ. ಆಮೇಲೆ ಸ್ನಾನ, ಬಣ್ಣ ತೊಳೆದು ಹೋಗುತ್ತೆ, ಆಮೇಲೆ ಬೆಟ್ಟ. ಕಾರಿನ ಸ್ಟಿಕ್ಕರಿಗೆ ಆ ಸ್ನಾನ ಇಲ್ಲ.

ನನ್ನ ವೋಟು ಎರಡನೇ ಚಿತ್ರಕ್ಕೆ, ಯೋಗಪಟ್ಟದ್ದು. ಹುಲಿ ಬೇಕೇ ಬೇಕು ಅನ್ನುವವರಿಗೆ ನನ್ನ ಸಲಹೆ: ನಾಲ್ಕನೇ ಚಿತ್ರದಲ್ಲಿ ಮಣಿಕಂಠ ಹುಲಿಯ ಮೇಲೆ ಅಮ್ಮನಿಗೆ ಹಾಲು ತರುತ್ತಿದ್ದಾನೆ, ಅದರಲ್ಲಿ ಯಾರಿಗಾಗಿ ಅನ್ನೋದು ಕಾಣುತ್ತೆ, ಅದಕ್ಕೆ ನನ್ನ ತಕರಾರಿಲ್ಲ. ಮೂರನೆಯದನ್ನು ಆರಿಸುವವರು ಕಾರಣ ಬರೆಯಿರಿ, ಸ್ಟಿಕ್ಕರ್ ಹಾಕಿ ಸುಮ್ಮನಾಗಬೇಡಿ. ಭಾನುವಾರ ರಾತ್ರಿ 9ರ ಒಳಗೆ ಪೋಲ್ ಮುಗಿಯುತ್ತೆ, ಸೋಮವಾರ ಫೈಲ್ ಪ್ರಿಂಟಿಗೆ ಕೊಡಬೇಕು.

ಸ್ವಾಮಿ ಶರಣಂ