ಹೊಸ್ತಿಲು ಮತ್ತು ಅಹವಾಲು: ಸ್ಥಳೀಯ ಆಡಳಿತದಲ್ಲಿ ವಿಕಲಚೇತನರ ಹಕ್ಕು

ಪ್ರಜಾಪ್ರಭುತ್ವದಲ್ಲಿ ಸಾಮಾನ್ಯ ಪ್ರಜೆಗೆ ಅತ್ಯಂತ ಸಮೀಪವಾದ ಸರ್ಕಾರವೆಂದರೆ ಹಳ್ಳಿಯಲ್ಲಿ ಗ್ರಾಮ ಪಂಚಾಯತಿ, ಪಟ್ಟಣದಲ್ಲಿ ಪುರಸಭೆ. ಮನೆ ಕಂದಾಯ, ಕುಡಿಯುವ ನೀರು, ಬೀದಿ ದೀಪ, ವಸತಿ ಯೋಜನೆ, ಇವುಗಳಲ್ಲಿ ಒಂದಲ್ಲ ಒಂದು ಕಾರಣಕ್ಕಾಗಿ ಪ್ರತಿಯೊಬ್ಬನೂ ಆ ಕಚೇರಿಯ ಬಾಗಿಲಿಗೆ ಬರಲೇಬೇಕು. ಆದರೆ ಅನೇಕ ಕಡೆ ಆ ಬಾಗಿಲಿಗೆ ಮುನ್ನ ಮೂರು ಮೆಟ್ಟಿಲುಗಳಿರುತ್ತವೆ. ನಡೆಯಬಲ್ಲವನ ಗಮನಕ್ಕೆ ಅವು ಬರುವುದೇ ಇಲ್ಲ. ಗಾಲಿಕುರ್ಚಿಯಲ್ಲಿ ಬಂದವನ ಪಾಲಿಗೆ ಸರ್ಕಾರವು ಅಲ್ಲಿಗೇ ಮುಗಿಯುತ್ತದೆ. ವಿಚಿತ್ರವೆಂದರೆ, ಮೆಟ್ಟಿಲು ಅಡ್ಡಿಯಾಗಿದೆಯೆಂಬ ದೂರನ್ನು ಸ್ವೀಕರಿಸುವ ಮೇಜೂ ಆ ಮೆಟ್ಟಿಲುಗಳ ಮೇಲೆಯೇ ಇರುತ್ತದೆ. ಆದಕಾರಣ ಪ್ರವೇಶ ಮತ್ತು ಅಹವಾಲು ಬೇರೆ ಬೇರೆ ಪ್ರಶ್ನೆಗಳಲ್ಲ. ಒಂದೇ ಪ್ರಶ್ನೆಯ ಎರಡು ಮುಖಗಳು.

ಈ ಪ್ರಶ್ನೆ ಕೆಲವೇ ಜನರಿಗೆ ಸಂಬಂಧಿಸಿದುದಲ್ಲ. ೨೦೧೧ರ ಜನಗಣತಿಯಂತೆ ಭಾರತದಲ್ಲಿ ೨.೬೮ ಕೋಟಿ, ಕರ್ನಾಟಕದಲ್ಲಿ ೧೩.೨೪ ಲಕ್ಷ ವಿಕಲಚೇತನರಿದ್ದರು. ದೇಶದ ಲೆಕ್ಕದಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ಗ್ರಾಮವಾಸಿಗಳು. ಇವರಲ್ಲದೆ ಮುಪ್ಪಿನಿಂದ ಮೊಣಕಾಲು ಸೋತವರು, ಗರ್ಭಿಣಿಯರು, ಎಳೆಗೂಸನ್ನು ಎತ್ತಿಕೊಂಡು ಬರುವ ತಾಯಂದಿರು, ಇವರೆಲ್ಲರಿಗೂ ಮೆಟ್ಟಿಲು ಕಷ್ಟವೇ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಸಮಾನ ಅವಕಾಶವನ್ನು ಕುರಿತ ೧೯೯೫ರ ಅಧಿನಿಯಮವು ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿತ್ತು. ವಿಶ್ವಸಂಸ್ಥೆಯ ೨೦೦೬ರ ಒಡಂಬಡಿಕೆಯನ್ನು ಭಾರತವು ೨೦೦೭ರಲ್ಲಿ ಅನುಮೋದಿಸಿದ ತರುವಾಯ ವಿಕಲಚೇತನರ ಹಕ್ಕುಗಳ ಅಧಿನಿಯಮ, ೨೦೧೬ ರೂಪುಗೊಂಡು, ೨೦೧೭ರ ಏಪ್ರಿಲ್ ೧೯ರಿಂದ ಜಾರಿಗೆ ಬಂದಿತು. ಇದರಲ್ಲಿ ಗುರುತಿಸಲಾದ ವೈಕಲ್ಯಗಳು ಇಪ್ಪತ್ತೊಂದು. ಸುಗಮ ಪ್ರವೇಶದ ನಿಯಮಗಳನ್ನು ಪಾಲಿಸದ ಕಟ್ಟಡಕ್ಕೆ ಪರವಾನಗಿಯಾಗಲಿ, ಪೂರ್ಣತಾ ಪತ್ರವಾಗಲಿ ಕೊಡಕೂಡದೆಂದು ೪೪ನೆಯ ಕಲಮು ವಿಧಿಸುತ್ತದೆ. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ನಿಯಮಾವಳಿ ಪ್ರಕಟವಾದಂದಿನಿಂದ ಐದು ವರ್ಷಗಳೊಳಗೆ ಸರಿಪಡಿಸಬೇಕೆಂದು ೪೫ನೆಯ ಕಲಮು ಹೇಳುತ್ತದೆ. ನಿಯಮಾವಳಿ ಪ್ರಕಟವಾದದ್ದು ೨೦೧೭ರ ಜೂನ್‌ನಲ್ಲಿ; ಆ ಅವಧಿ ೨೦೨೨ರಲ್ಲಿಯೇ ತೀರಿತು.

ಮೆಟ್ಟಿಲ ಬದಲಿಗೆ ಬೇಕಾದುದು ಇಳಿಜಾರು ದಾರಿ. ಆದರೆ ಹೆಸರಿಗೊಂದು ಇಳಿಜಾರು ಸಾಲದು, ಅದಕ್ಕೊಂದು ಲೆಕ್ಕವುಂಟು. ಒಂದು ಅಳತೆಯ ಏರಿಗೆ ಹನ್ನೆರಡು ಅಳತೆಯ ಉದ್ದವಿರಬೇಕೆಂಬುದು ಅಂಗೀಕೃತ ಪ್ರಮಾಣ. ಹದಿನೈದು ಸೆಂಟಿಮೀಟರಿನ ಮೂರು ಮೆಟ್ಟಿಲುಗಳೆಂದರೆ ೪೫ ಸೆಂಟಿಮೀಟರ್ ಎತ್ತರ. ಅದಕ್ಕೆ ಬೇಕಾದ ಉದ್ದ ೫೪೦ ಸೆಂಟಿಮೀಟರ್, ಅಂದರೆ ಐದೂವರೆ ಮೀಟರಿಗೆ ಸಮೀಪ. ಇದನ್ನು ಬಿಟ್ಟು ಎರಡು ಮೀಟರಿನೊಳಗೆ ಸಿಮೆಂಟು ಬಳಿದು ಮುಗಿಸಿದರೆ, ಗಾಲಿಕುರ್ಚಿ ಹಿಂದಕ್ಕೆ ಮಗುಚುವ ಅಪಾಯವಲ್ಲದೆ ಬೇರೆ ಪ್ರಯೋಜನವಿಲ್ಲ. ಕಡತದಲ್ಲಿ ಮಾತ್ರ ಇಳಿಜಾರು ನಿರ್ಮಿಸಲಾಗಿದೆಯೆಂದು ದಾಖಲಾಗುತ್ತದೆ! ಪ್ರವೇಶವೆಂದರೆ ಇಳಿಜಾರು ಮಾತ್ರವೂ ಅಲ್ಲ. ಕಾಣದವನಿಗೆ ಫಲಕದ ಸೂಚನೆಯನ್ನು ಓದಿ ಹೇಳುವುದು, ಕೇಳದವನಿಗೆ ಬರೆದು ತಿಳಿಸುವುದು, ಮಹಡಿಯ ಮೇಲಿನ ಅಧಿಕಾರಿ ಕೆಳಗಿಳಿದು ಬಂದು ಅಹವಾಲು ಕೇಳುವುದು, ಇವೂ ಪ್ರವೇಶವೇ. ಇವಕ್ಕೆ ಅನುದಾನದ ಅಗತ್ಯವಿಲ್ಲ.

ಇನ್ನು ದೂರಿನ ವಿಚಾರ. ದೂರು ಬಾಯಿಮಾತಿನಲ್ಲಿ ಉಳಿದರೆ ಅದು ಬಿನ್ನಹ. ಬರಹಕ್ಕಿಳಿದು, ದಿನಾಂಕ ಹೊತ್ತು, ಸ್ವೀಕೃತಿ ಪಡೆದಾಗ ಅದು ದಾಖಲೆ. ಕರ್ನಾಟಕದ ಗ್ರಾಮ ಪಂಚಾಯತಿಗಳಲ್ಲಿ ಈ ಕಾರ್ಯಕ್ಕೆ ನೆರವಾಗಲು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಪಂಚಾಯತಿ ಅಭಿವೃದ್ಧಿ ಅಧಿಕಾರಿಗೆ ಸಲ್ಲಿಸಿದ ಅರ್ಜಿ ಫಲಿಸದಿದ್ದರೆ, ಆರು ತಿಂಗಳಿಗೊಮ್ಮೆಯಾದರೂ ಸೇರಬೇಕಾದ ಗ್ರಾಮಸಭೆಯಲ್ಲಿ ವಿಷಯವನ್ನೆತ್ತಿ ನಡಾವಳಿಯಲ್ಲಿ ಬರೆಸಬಹುದು. ಆಮೇಲೆ ಜಿಲ್ಲೆಯ ವಿಕಲಚೇತನರ ಕಲ್ಯಾಣಾಧಿಕಾರಿ. ಅವರಿಗೂ ಮೇಲೆ ರಾಜ್ಯ ಆಯುಕ್ತರು. ವಿಚಾರಣೆಯ ಸಂದರ್ಭದಲ್ಲಿ ಸಾಕ್ಷಿಗಳನ್ನು ಕರೆಸುವ, ದಾಖಲೆಗಳನ್ನು ತರಿಸುವ ವಿಷಯಗಳಲ್ಲಿ ಆಯುಕ್ತರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅವರ ಶಿಫಾರಸು ತಲುಪಿದ ಮೂರು ತಿಂಗಳೊಳಗೆ ಸಂಬಂಧಪಟ್ಟ ಪ್ರಾಧಿಕಾರವು ಕ್ರಮ ಕೈಗೊಂಡು ತಿಳಿಸಬೇಕು. ಒಪ್ಪದಿದ್ದರೆ ಕಾರಣ ಕೊಡಬೇಕು, ಮತ್ತು ನೊಂದವನಿಗೂ ಅದನ್ನು ತಿಳಿಸಬೇಕು. ಮೌನವು ಉತ್ತರವಲ್ಲವೆಂಬ ತತ್ತ್ವವನ್ನು ಕಾನೂನೇ ಇಲ್ಲಿ ಸ್ಥಾಪಿಸಿದೆ.

ಇಷ್ಟಿದ್ದರೂ ದೂರುಗಳು ಏಕೆ ಬಾಡುತ್ತವೆ? ಮೊದಲನೆಯದಾಗಿ, ದೂರು ಕೊಡಬೇಕಾದವನು ಮಾಸಾಶನ, ಪ್ರಮಾಣಪತ್ರ, ಮನೆ ಮಂಜೂರಾತಿಗಳಿಗೆ ಅದೇ ಅಧಿಕಾರಿವರ್ಗವನ್ನು ಅವಲಂಬಿಸಿರುತ್ತಾನೆ. ಮುನಿಸು ಕಟ್ಟಿಕೊಳ್ಳಲು ಅಂಜುತ್ತಾನೆ. ಎರಡನೆಯದಾಗಿ, ಮೇಲಿನ ಕಚೇರಿಗೆ ಕಳುಹಿಸಲಾಗಿದೆ ಎಂಬ ಒಂದು ಸಾಲಿನಿಂದ ದೂರು ಮುಗಿದಂತೆ ಲೆಕ್ಕವಾಗುತ್ತದೆ. ಸರಿಯಾದ ಉತ್ತರದಲ್ಲಿ ಮೂರು ಅಂಶಗಳಿರಬೇಕು: ಯಾವ ಕೆಲಸ, ಯಾರ ಹೊಣೆ, ಯಾವ ದಿನದೊಳಗೆ. ಹಣವಿಲ್ಲವೆಂಬ ಉತ್ತರವೂ ಪರಿಶೀಲನೆಗೆ ಅರ್ಹ. ಸ್ಥಳೀಯ ಸಂಸ್ಥೆಗಳು ಶೇಕಡಾ ೫ರಷ್ಟು ಅನುದಾನವನ್ನು ವಿಕಲಚೇತನರ ಹಿತಕ್ಕಾಗಿ ಮೀಸಲಿಡಬೇಕೆಂಬುದು ಕರ್ನಾಟಕದಲ್ಲಿರುವ ವ್ಯವಸ್ಥೆ. ಮೂರನೆಯದಾಗಿ, ನಿಯಮಗಳೇ ಸಡಿಲವಾಗಿದ್ದವು. ರಾಜೀವ್ ರತೂರಿ ಅವರು ೨೦೦೫ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೨೪ರ ನವೆಂಬರ್ ೮ರಂದು ತೀರ್ಪಿತ್ತು, ೨೦೧೭ರ ನಿಯಮಾವಳಿಯ ೧೫ನೆಯ ನಿಯಮವು ಕಡ್ಡಾಯಕ್ಕೆ ಬದಲಾಗಿ ಕೇವಲ ಮಾರ್ಗದರ್ಶನದ ಸ್ವರೂಪದ್ದಾದ್ದರಿಂದ ಮೂಲ ಅಧಿನಿಯಮಕ್ಕೆ ವಿರುದ್ಧವೆಂದು ಸಾರಿತು. ಕಡ್ಡಾಯವಾದ ಕನಿಷ್ಠ ನಿಯಮಗಳನ್ನು ರಚಿಸಲು ಕೇಂದ್ರ ಸರ್ಕಾರಕ್ಕೆ ಮೂರು ತಿಂಗಳ ಗಡುವನ್ನು ವಿಧಿಸಿತು. ಒಬ್ಬ ದೃಷ್ಟಿಹೀನ ಪ್ರಜೆಯ ಅಹವಾಲು ಹತ್ತೊಂಬತ್ತು ವರ್ಷ ನಡೆದು ಇಡೀ ದೇಶದ ನಿಯಮವನ್ನು ಬದಲಿಸಿತೆಂಬುದು ಮನನಯೋಗ್ಯ.

ಪಂಚಾಯತಿಯತ್ತ ಬೆರಳು ತೋರಿ ಉಳಿದವರು ಸುಮ್ಮನಿರುವಂತಿಲ್ಲ. ಅಧಿನಿಯಮದ ವ್ಯಾಖ್ಯೆಯಂತೆ ಜನಸಾಮಾನ್ಯರು ಬಳಸುವ ಖಾಸಗಿ ಕಟ್ಟಡವೂ ಸಾರ್ವಜನಿಕ ಕಟ್ಟಡವೇ. ಶಿಕ್ಷಣ ಹಾಗೂ ಧಾರ್ಮಿಕ ಕಾರ್ಯಗಳ ಕಟ್ಟಡಗಳನ್ನು ಅದು ಸ್ಪಷ್ಟವಾಗಿ ಹೆಸರಿಸುತ್ತದೆ. ಶಾಲೆ, ಪ್ರಸಾದ ನಿಲಯ, ಸಭಾಭವನ, ಮಠದ ಮಹಾದ್ವಾರ, ಎಲ್ಲವೂ ಇದರೊಳಗೆ ಬರುತ್ತವೆ. ದಾನಿಗಳ ಹೆಸರು ಕೆತ್ತಿದ ಶಿಲೆಯನ್ನು ಗೋಡೆಗೆ ಕೂಡಿಸುವ ಮುನ್ನ, ಆ ಗೋಡೆಯವರೆಗೆ ಎಲ್ಲರೂ ಬರಬಲ್ಲರೇ ಎಂದು ನೋಡುವುದು ದಾನದ ಸಾರ್ಥಕತೆಗೇ ಸೇರಿದ ಮಾತು. ಉಪಾಧ್ಯಾಯರು ಗಣಿತದ ಒಂದು ಪಾಠವನ್ನು ಅಂಗಳಕ್ಕೊಯ್ದು ಮೆಟ್ಟಿಲುಗಳ ಎತ್ತರವನ್ನು ಮಕ್ಕಳಿಂದಲೇ ಅಳೆಯಿಸಿ, ಹನ್ನೆರಡರಿಂದ ಗುಣಿಸಲು ಹೇಳಬಹುದು. ಆ ಗುಣಲಬ್ಧವನ್ನು ನಮೂದಿಸಿ ಪಂಚಾಯತಿಗೆ ಒಂದು ಅರ್ಜಿ ಬರೆಯಿಸಿ, ಸ್ವೀಕೃತಿ ಪಡೆಯಲು ಕಲಿಸಿದರೆ ಪೌರನೀತಿಯ ಪಾಠವೂ ಅಲ್ಲಿಯೇ ಸಂಪೂರ್ಣವಾಗುತ್ತದೆ. ಎತ್ತಿ ಒಳಗೆ ಕರೆದೊಯ್ಯುವುದು ಕರುಣೆ; ತಾನಾಗಿ ಒಳಗೆ ಬರಲು ದಾರಿ ಮಾಡುವುದು ನ್ಯಾಯ. ಸ್ಥಳೀಯ ಆಡಳಿತವು ಸಲ್ಲಿಸಬೇಕಾದುದು ಎರಡನೆಯದನ್ನು.